ಕೈ ಎತ್ತಿದರೆ ನಿಂತ ರೈಲು

ಹೊಸ ರೈಲುಗಳ ಚಾಲಕ ತರಬೇತಿ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಹಳಿ ಇರುವ ಬಂಟ್ವಾಳ, ಹಳಿಯ ಆಸೆ ಇರುವ ಮೂಡುಬಿದಿರೆ, ಆ ಆಸೆಯ ಬಗ್ಗೆ ಭಾಷಣ ಮಾತ್ರ ಇರುವ ಬೆಳ್ತಂಗಡಿ, ಈ ಮೂರೂ ತಾಲೂಕುಗಳ ಸಮಸ್ತ ನಾಗರಿಕರ ಪರವಾಗಿ ತಮ್ಮ ಕಚೇರಿಗೂ, ಕಚೇರಿಯೊಳಗಿನ ತಮ್ಮ ಕುರ್ಚಿಗೂ, ಆ ಕುರ್ಚಿಯ ಮೇಲೆ ತಾವು ಇದ್ದ ಪಕ್ಷದಲ್ಲಿ ತಮಗೂ ಗೌರವಪೂರ್ವಕ ವಂದನೆಗಳು. ತಮ್ಮ ಸಿಗ್ನಲುಗಳು ಸದಾ ಹಸಿರಾಗಿರಲಿ, ತಮ್ಮ ಕಚೇರಿಯ ಚಹಾ ಸದಾ ಬಿಸಿಯಾಗಿರಲಿ ಎಂದು ಹಾರೈಸುತ್ತೇವೆ.

ನಾನು ಮೇಲ್ಕಂಡ ಮೂರು ತಾಲೂಕುಗಳ ರೈಲು ಪ್ರಯಾಣಿಕರ ವೇದಿಕೆಯ ಕಾರ್ಯದರ್ಶಿ. ಮೂರರಲ್ಲಿ ಎರಡು ತಾಲೂಕುಗಳಲ್ಲಿ ರೈಲೇ ಇಲ್ಲದ್ದರಿಂದ ನಮ್ಮ ಸಭೆಗಳಿಗೆ ರೈಲು ತಪ್ಪಿತೆಂಬ ಕಾರಣ ಹೇಳಿ ಯಾರೂ ಗೈರುಹಾಜರಾಗುವುದಿಲ್ಲ. ಹಳಿ ಇಲ್ಲದವರಿಗೆ ಹಳಿಯುವುದೊಂದೇ ಕೆಲಸ ಎಂದು ಕೆಲವರು ನಮ್ಮನ್ನು ಗೇಲಿ ಮಾಡುವುದುಂಟು. ಆದರೆ ಈ ಪತ್ರ ಹೊಗಳುವುದಕ್ಕೆಂದೇ ಬರೆದದ್ದು. ಹೊಗಳಿಕೆಯ ನಡುವೆ ಎಲ್ಲಾದರೂ ದೂರು ಕಂಡುಬಂದರೆ ಅದು ತಮಗೂ ನಮಗೂ ಇರುವ ದೂರದಿಂದ ಉಂಟಾದದ್ದೆಂದು ಮನ್ನಿಸಬೇಕು.

ತಮ್ಮ ಹೊಸ ರೈಲು ಬಹಳ ಚಂದ ಉಂಟು. ಮುಂದೊಂದು ಇಂಜಿನ್, ಹಿಂದೊಂದು ಇಂಜಿನ್. ಒಂದು ಎಳೆಯುತ್ತದೆ, ಇನ್ನೊಂದು ದೂಡುತ್ತದೆ. ನಮ್ಮ ರೈಲ್ವೆ ಬೇಡಿಕೆಗಳು ಎಷ್ಟೋ ವರ್ಷಗಳಿಂದ ಇದೇ ಪದ್ಧತಿಯಲ್ಲಿ, ಒಬ್ಬರು ಎಳೆದು ಇನ್ನೊಬ್ಬರು ಮುಂದೂಡಿ, ಸಾಗುತ್ತಿರುವುದರಿಂದ ಅದರ ತಂತ್ರಜ್ಞಾನ ನಮಗೆ ತಕ್ಷಣ ಅರ್ಥವಾಯಿತು. ಇಂಥ ಗಾಡಿಗೆ ಚಾಲಕರನ್ನು ಹೊಸದಾಗಿ ತಯಾರು ಮಾಡಬೇಕೆಂಬುದನ್ನೂ ಒಪ್ಪುತ್ತೇವೆ. ರೈಲು ಬಿಡುವ ವಿದ್ಯೆಯಲ್ಲಿ ನಮ್ಮ ಕಡೆಯವರಿಗೆ ಯಾವ ತರಬೇತಿಯೂ ಬೇಕಾಗಿಲ್ಲ, ಸಂಜೆ ಹೊತ್ತು ಪುಂಜಾಲಕಟ್ಟೆಯ ಯಾವ ಹೋಟೆಲಿನಲ್ಲಿ ಬಂದು ಕುಳಿತರೂ ತಮಗದು ಮನವರಿಕೆಯಾದೀತು. ಆದರೆ ರೈಲು ಓಡಿಸುವುದು ಬೇರೆ ವಿದ್ಯೆ.

ಆ ವಿದ್ಯಾಭ್ಯಾಸಕ್ಕೆ ತಾವು ಬಂಟ್ವಾಳ ನಿಲ್ದಾಣವನ್ನು ಆಯ್ದುಕೊಂಡದ್ದು ನಮ್ಮ ಭಾಗ್ಯ. ಘಟ್ಟ ಇಳಿದು ಬಂದ ಗಾಡಿಯನ್ನು ಹದವಾಗಿ ನಿಲ್ಲಿಸುವುದಕ್ಕೂ ಪುನಃ ಹೊರಡಿಸುವುದಕ್ಕೂ ನಮ್ಮ ಪ್ಲಾಟ್‌ಫಾರ್ಮ್ ಹೇಳಿ ಮಾಡಿಸಿದಂತೆ ಇದೆಯಂತೆ. ಹಾಗಾಗಿ ಮಳೆಗಾಲ ಮುಗಿದಂದಿನಿಂದ ತಮ್ಮ ಖಾಲಿ ರೈಲು ಬರುತ್ತದೆ, ಒಬ್ಬೊಬ್ಬ ಅಭ್ಯರ್ಥಿಯ ಕೈಯಲ್ಲಿ ಒಂದೊಂದು ವಿಧದಲ್ಲಿ ನಿಲ್ಲುತ್ತದೆ; ಕೆಲವೊಮ್ಮೆ ಮದುಮಗಳು ಹೊಸ್ತಿಲು ದಾಟಿದ ಹಾಗೆ, ಕೆಲವೊಮ್ಮೆ ಅವಳ ಮಾವ ತಡವಾಗಿ ಮನೆಗೆ ಬಂದು ಹೊಸ್ತಿಲು ಎಡವಿದ ಹಾಗೆ. ಬಾಗಿಲು ಮಾತ್ರ ಒಂದೂ ತೆರೆಯುವುದಿಲ್ಲ.

ಖಾಲಿ ರೈಲು ಎಂದದ್ದು ತಪ್ಪು, ಕ್ಷಮಿಸಬೇಕು. ಜನ ತುಂಬಿದಾಗ ಗಾಡಿ ಹೇಗೆ ಓಡುತ್ತದೆಂದು ಚಾಲಕರಿಗೆ ತಿಳಿಯಲೆಂದು ಪ್ರತಿ ಸೀಟಿನ ಮೇಲೂ ತಾವು ಮರಳಿನ ಚೀಲ ಕೂರಿಸಿದ್ದೀರಿ. ಕಿಟಕಿ ಬದಿಯ ಸೀಟಿನಲ್ಲೂ ಮರಳು, ಮಹಿಳೆಯರ ಬೋಗಿಯಲ್ಲೂ ಮರಳು. ಈ ಮರಳಿನ ಸವಾರಿಗೆ ದಾರಿ ಬಿಡಲೆಂದು, ಮನುಷ್ಯರಾದ ನಾವು ಹತ್ತಿ ಕುಳಿತ ಲೋಕಲ್ ಗಾಡಿಯನ್ನು ಪಕ್ಕದ ಹಳಿಯಲ್ಲಿ ತಡೆದು ನಿಲ್ಲಿಸಲಾಗುತ್ತದೆ. ಮರಳು ಹೋಗುತ್ತದೆ, ಮರಳು ಮರಳಿ ಬರುತ್ತದೆ, ನಾವು ಮರುಳರ ಹಾಗೆ ನೋಡುತ್ತಿರುತ್ತೇವೆ. ಇನ್ನು ಇದೇ ರೈಲು ಕೆಲವೇ ದಿನಗಳಲ್ಲಿ ನಿಜವಾದ ಪ್ರಯಾಣಿಕರನ್ನು ಹೊತ್ತು ಓಡತೊಡಗಿದಾಗ ಬಂಟ್ವಾಳದಲ್ಲಿ ನಿಲ್ಲುವುದಿಲ್ಲವೆಂದು ವೇಳಾಪಟ್ಟಿಯಲ್ಲಿ ಓದಿ ತಿಳಿದೆವು. ನಿಲ್ಲಲು ಕಲಿಯುವುದು ನಮ್ಮಲ್ಲಿ, ನಿಲ್ಲುವುದು ಬೇರೆಯವರಲ್ಲಿ. ನಮ್ಮ ಕಡೆಯ ಕಾಲೇಜುಗಳಲ್ಲಿ ಓದಿದವರು ಮಾಡುವುದೂ ಇದನ್ನೇ ಆದ್ದರಿಂದ ನಮಗೆ ಅಭ್ಯಾಸವಾಗಿದೆ.

ಇಷ್ಟರವರೆಗಿನದು ಗಾಡಿ ಹೊರಡುವ ಮುಂಚಿನ ಸೀಟಿ. ಈಗ ವಿಷಯಕ್ಕೆ ಬರುತ್ತೇನೆ.

ತಮ್ಮಲ್ಲಿ ತರಬೇತಿ ಪಡೆಯುತ್ತಿರುವ ಭವಿತ್ ಎಂಬ ಯುವಕ ಗುರುವಾಯನಕೆರೆಯವನು. ಸಾಮಾನಿನ ಗಾಡಿಗಳನ್ನು ಓಡಿಸಿ ಒಳ್ಳೆಯ ಹೆಸರು ಪಡೆದು ಹೊಸ ರೈಲಿಗೆ ಆಯ್ಕೆಯಾದವನು. ರೈಲೇ ಕಾಣದ ತಾಲೂಕಿನಿಂದ ರೈಲು ಓಡಿಸಲು ಹೊರಟನೆಂದು ನಮ್ಮ ವೇದಿಕೆಯವರು ಅವನಿಗೆ ಶಾಲು ಹೊದೆಸಿ ಸನ್ಮಾನವನ್ನೂ ಮಾಡಿದ್ದೆವು. ಅವನಿಗಿಂತ ಹೆಚ್ಚು ಹೊತ್ತು ನಾವೇ ಮಾತನಾಡಿದ್ದೆವು. ತರಬೇತಿ ಮುಗಿದು ಅರ್ಹತಾ ಪತ್ರ ಕೈಗೆ ಬಂದರೆ ಇದೇ ದಾರಿಯಲ್ಲಿ, ಮನೆಗೆ ಹತ್ತಿರದಲ್ಲಿ, ಹೊಸ ಇಂಜಿನ್ ಓಡಿಸುವ ಕೆಲಸ. ಅದೊಂದು ಪತ್ರಕ್ಕಾಗಿ ಅವನೂ ಅವನ ತಾಯಿ ಸ್ವರ್ಣಲತಾ ಅವರೂ ಎರಡು ವರ್ಷಗಳಿಂದ ಕಾಯುತ್ತಿದ್ದಾರೆ. ಆ ಪತ್ರವನ್ನು ತಾವೀಗ ತಡೆಹಿಡಿದಿದ್ದೀರಿ. ಅದು ಹೇಗಾಯಿತೆಂದು ತಮ್ಮ ಕಡತದಲ್ಲಿ ಒಂದು ಬಗೆಯಲ್ಲಿ ಬರೆದಿರಬಹುದು. ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಕಂಡದ್ದನ್ನು ನಾನು ಬರೆಯುತ್ತೇನೆ.

ಅದಕ್ಕೆ ಮೊದಲು ನಮ್ಮ ಕಡೆಯ ಒಂದು ಪದ್ಧತಿಯನ್ನು ತಾವು ತಿಳಿಯಬೇಕು. ನಮ್ಮಲ್ಲಿ ಬಸ್ಸು ನಿಲ್ಲುವುದು ತಂಗುದಾಣದಲ್ಲಿ ಅಲ್ಲ, ಎತ್ತಿದ ಕೈಯ ಎದುರು. ತಂಗುದಾಣ ಕಟ್ಟಿದ್ದು ದಾನಿಗಳ ಹೆಸರು ಬರೆಸಲು ಒಂದು ಗೋಡೆ ಬೇಕಿತ್ತೆಂದು ಮಾತ್ರ. ಮನೆಯ ಗೇಟಿನ ಬಳಿ, ಹಾಲಿನ ಸೊಸೈಟಿಯ ಎದುರು, ತಿರುವಿನಲ್ಲಿ, ಏರಿನಲ್ಲಿ, ಎಲ್ಲಿ ಕೈ ಕಂಡರೂ ಬಸ್ಸು ನಿಲ್ಲುತ್ತದೆ. ಕೈಯಲ್ಲಿ ಕೊಡೆ ಇದ್ದರೆ ಕೊಡೆಗೆ, ಚೀಲ ಇದ್ದರೆ ಚೀಲಕ್ಕೆ ನಿಲ್ಲುತ್ತದೆ. ಅಂಗಳದಿಂದಲೇ "ಬೀಗ ಹಾಕಿ ಬರ್ತೇನೆ, ಸ್ವಲ್ಪ ನಿಲ್ಲಿ ಆಯ್ತಾ" ಎಂದು ಕೂಗಿದವರಿಗಾಗಿ ಕಾಯುವುದೂ ಉಂಟು. ಭವಿತನ ತಂದೆ ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ಕೈ ಕಂಡೊಡನೆ ಕಾಲು ತನ್ನಿಂದ ತಾನೇ ಬ್ರೇಕಿಗೆ ಹೋಗುವ ವಂಶ ಅದು.

ಆ ದಿನ ತಮ್ಮ ತರಬೇತಿಯಲ್ಲಿ ನಿಲ್ಲುವ ಪಾಠ ಇರಲಿಲ್ಲ, ನಿಲ್ಲದೆ ಹೋಗುವ ಪಾಠವಿತ್ತು. ಭವಿತ್ ಇಂಜಿನ್‌ನಲ್ಲಿದ್ದ, ಪಕ್ಕದಲ್ಲಿ ತಮ್ಮ ತರಬೇತಿ ನಿರೀಕ್ಷಕರಿದ್ದರು. ಪ್ಲಾಟ್‌ಫಾರ್ಮಿನಲ್ಲಿ, ಲೋಕಲ್ ಗಾಡಿ ತಡವಾಗಿ ತಡವಾಗಿ ಸಾಕಾಗಿಹೋಗಿದ್ದ ನಮ್ಮ ನಡುವೆ, ಮೆಲ್ಕಾರಿನ ಜೈನಬಮ್ಮ ಇದ್ದರು. ವಯಸ್ಸಾದವರು, ಮಂಗಳೂರಿನಲ್ಲಿರುವ ಮೊಮ್ಮಗಳು ಸಬೀಹಾಳ ಮನೆಗೆ ಹೊರಟಿದ್ದರು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅಕ್ಕಿರೊಟ್ಟಿಯ ಚೀಲ. ದೂರದಲ್ಲಿ ಹೊಸ ರೈಲು ಕಂಡಿತು. ಅದು ನಿಧಾನ ಮಾಡುವ ಲಕ್ಷಣ ಕಾಣಿಸದಿದ್ದಾಗ ಜೈನಬಮ್ಮ, ಬಸ್ಸಿಗೆ ಮಾಡುವಂತೆಯೇ, ಕೊಡೆಯ ಕೈಯನ್ನೂ ಚೀಲದ ಕೈಯನ್ನೂ ತಲೆಯ ಮೇಲಕ್ಕೆ ಎತ್ತಿ ಆಡಿಸಿದರು.

ರೈಲು ನಿಂತಿತು. ಎಷ್ಟು ನಯವಾಗಿ ನಿಂತಿತೆಂದರೆ ಸೀಟಿನ ಮೇಲಿನ ಒಂದು ಮರಳಿನ ಚೀಲವೂ ಮಗುಚಲಿಲ್ಲ. ಆಮೇಲೆ ನಡೆದ ಮಾತುಕತೆಯನ್ನು, ತಮಗೆ ತುಳು ಬಾರದೆಂಬ ಊಹೆಯಿಂದ, ಕನ್ನಡದಲ್ಲೇ ನಿವೇದಿಸುತ್ತೇನೆ. ಜೈನಬಮ್ಮ ಇಂಜಿನ್ನಿನ ಕಿಟಕಿಯ ಕೆಳಗೆ ನಿಂತು, ಎಲ್ಲ ಬಸ್ಸುಗಳಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಮಂಗಳೂರಿಗೆ ಉಂಟಾ?"

"ಉಂಟು ಅಜ್ಜಿ, ಆದರೆ ಇದು ಹತ್ಲಿಕ್ಕೆ ಇರುವ ರೈಲಲ್ಲ" ಎಂದ ಭವಿತ್.

"ಹತ್ಲಿಕ್ಕೆ ಇಲ್ಲದಿದ್ದರೆ ನಿಲ್ಲಿಸಿದ್ದು ಯಾಕೆ?"

"ನೀವು ಕೈ ಎತ್ತಿದಿರಲ್ಲ."

"ನಾನು ಎತ್ತಿದ್ದು ಹತ್ಲಿಕ್ಕೆ ಮಾರಾಯ, ನಿನ್ನ ಮುಖ ನೋಡ್ಲಿಕ್ಕೆ ಅಲ್ಲ. ಅಗೋ ಒಳಗೆ ಜನ ಕೂತಿದ್ದಾರಲ್ಲ?"

"ಜನ ಅಲ್ಲ ಅಜ್ಜಿ, ಮರಳಿನ ಚೀಲ."

"ಮರಳಿಗೆ ಸೀಟು ಉಂಟು, ನನಗೆ ಇಲ್ವಾ? ಒಂದು ಚೀಲ ಕೆಳಗೆ ಹಾಕು, ಅಲ್ಲಿ ನಾನು ಕೂತ್ಕೊಳ್ತೇನೆ. ತೂಕ ಸರಿಯಾಗ್ತದೆ."

ಪ್ಲಾಟ್‌ಫಾರ್ಮಿನಲ್ಲಿದ್ದವರು ನಕ್ಕರು. ತಮ್ಮ ನಿರೀಕ್ಷಕರು ನಗಲಿಲ್ಲ. ನಗುವುದಕ್ಕೆ ಅವರಿಗೆ ಮೇಲಿನಿಂದ ಸೂಚನೆ ಬಂದಿರಲಿಲ್ಲವೆಂದು ತೋರುತ್ತದೆ. ಅವರು ಭವಿತನ ಕಡೆ ತಿರುಗಿ, ಕೆಳಗಿನವರಿಗೂ ಕೇಳಿಸುವ ಹಾಗೆ, "ಏನಪ್ಪಾ, ನಿಂಗೆ ಅಪಾಯ ಕಾಣಿಸ್ತಾ, ಅಜ್ಜಿ ಕಾಣಿಸಿದ್ರಾ?" ಎಂದು ಕೇಳಿದರು. "ಎರಡು ಕೈ ಕಾಣಿಸಿತು ಸಾರ್. ಎರಡು ಕೈ ತಲೆಯ ಮೇಲೆ ಎತ್ತಿದರೆ ಅಪಾಯ ಅಂತ ತಿಳಿದು ನಿಲ್ಲಿಸಬೇಕು ಅಂತ ನೀವೇ ಪಾಠ ಮಾಡಿದ್ದು" ಎಂದು ಭವಿತ್ ಹೇಳಿದ. ಅದಕ್ಕೆ ತಮ್ಮ ನಿರೀಕ್ಷಕರು, "ಪಾಠ ಬೇರೆ ಕಣಯ್ಯಾ, ಬಂಟ್ವಾಳ ಬೇರೆ" ಎಂದರು. ಮಾನ್ಯರೇ, ನಮ್ಮ ಊರಿನ ಬಗ್ಗೆ ಇಷ್ಟು ಸಂಕ್ಷಿಪ್ತವಾಗಿ, ಇಷ್ಟು ನಿಖರವಾಗಿ ಯಾವ ಅಧಿಕಾರಿಯೂ ಹಿಂದೆ ಮಾತನಾಡಿದ್ದಿಲ್ಲ. ಈ ಮಾತನ್ನು ನಿಲ್ದಾಣದ ಗೋಡೆಯ ಮೇಲೆ ಬರೆಸಲು ನಮ್ಮ ವೇದಿಕೆ ಸಿದ್ಧವಿದೆ.

ಅದರ ನಂತರ ಎರಡು ಸಂಗತಿಗಳು ನಡೆದವು. ಕಾರಣವಿಲ್ಲದೆ ಗಾಡಿ ನಿಲ್ಲಿಸಿದ್ದಾನೆಂದು ಭವಿತನ ಅರ್ಹತಾ ಪತ್ರವನ್ನು ತಡೆಯಲಾಯಿತು. ಇನ್ನೊಮ್ಮೆ ಹೀಗಾದರೆ ಯಾರ್ಡಿನಲ್ಲಿ ಬೋಗಿಗಳನ್ನು ಹಿಂದೆ ಮುಂದೆ ಮಾಡುವ ಕೆಲಸಕ್ಕೆ ಕಳುಹಿಸುವುದಾಗಿ ಎಚ್ಚರಿಸಲಾಯಿತು. ಎರಡನೆಯದಾಗಿ, ಉಳಿದ ಅಭ್ಯರ್ಥಿಗಳಿಗೆ ಒಂದು ಸುತ್ತೋಲೆ ಹೊರಡಿಸಿ, ಬಂಟ್ವಾಳ ಪರಿಸರದಲ್ಲಿ ಪ್ಲಾಟ್‌ಫಾರ್ಮಿನಿಂದ ಯಾರಾದರೂ ಕೈ ಎತ್ತಿದಲ್ಲಿ ಅದನ್ನು ಅಪಾಯದ ಸಂಕೇತವೆಂದು ಭಾವಿಸದೆ ಗಾಡಿಯನ್ನು ಮುಂದುವರಿಸತಕ್ಕದ್ದು ಎಂದು ತಿಳಿಸಲಾಯಿತು. ಸುತ್ತೋಲೆ ಎಂಬ ಹೆಸರು ಎಷ್ಟು ಸರಿಯಾಗಿದೆಯೆಂದು ನಮಗೆ ಆಗ ತಿಳಿದಿರಲಿಲ್ಲ. ಅದು ಸುತ್ತಿ ಸುತ್ತಿ ಎಲ್ಲಿಗೆ ಬರುತ್ತದೆಂದು ಮುಂದೆ ಹೇಳುತ್ತೇನೆ.

ಇಲ್ಲಿ ಒಂದು ಗಳಿಗೆ ನಗೆಯನ್ನು ಪಕ್ಕದ ಹಳಿಗೆ ಕಳುಹಿಸುತ್ತೇನೆ. ಅಷ್ಟು ದೂರದಿಂದ ಚಾಲಕನಿಗೆ ಕಾಣುವುದು ಕೈ ಮಾತ್ರ. ಹಳಿ ಬಿರುಕು ಬಿಟ್ಟದ್ದನ್ನು ಕಂಡು ಓಡಿಬಂದವನ ಕೈಯೂ, ಮೊಮ್ಮಗಳ ಮನೆಗೆ ಹೊರಟವರ ಕೈಯೂ ಅಲ್ಲಿಂದ ಒಂದೇ ಥರ. ಯಾಕೆ ಎತ್ತಿದ್ದೆಂದು ನಿಂತ ಮೇಲೆ ಕೇಳಬಹುದು. ಕೇಳಿದ ಮೇಲೆ ನಿಲ್ಲಲಿಕ್ಕೆ ಆಗುವುದಿಲ್ಲ. ಭವಿತ್ ನಿಂತು ಕೇಳಿದ. ಸಿಕ್ಕಿದ ಉತ್ತರ ಅಕ್ಕಿರೊಟ್ಟಿಯದ್ದಾಯಿತು. ಅದು ಅವನ ತಪ್ಪಲ್ಲ, ಆ ದಿನದ ನಮ್ಮೆಲ್ಲರ ಅದೃಷ್ಟ. ತಾಯಿ ಸ್ವರ್ಣಲತಾ ನನ್ನಲ್ಲಿಗೆ ಬಂದು ಕೇಳಿದ್ದೂ ಇಷ್ಟನ್ನೇ: "ಕೈ ಕಂಡರೂ ನಿಲ್ಲಿಸದವನನ್ನು ನಾನು ಸಾಕ್ಬೇಕಿತ್ತಾ? ಹಾಗಂತ ಬರೆದು ಕೇಳಿ ನೀವು." ಬರೆದಿದ್ದೇನೆ, ಕೇಳಿದ್ದೇನೆ.

ಈಗ ಸುತ್ತೋಲೆಯ ಸುತ್ತು. ಅದು ಬಂದ ಮರುವಾರ ಮೂಡುಬಿದಿರೆಯ ಶಿಶಿರ್ ಎಂಬ ಅಭ್ಯರ್ಥಿಯ ಸರದಿ. ಬಹಳ ವಿಧೇಯ ಹುಡುಗ. ಗಾಡಿಯನ್ನು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದಾಗ ತಮ್ಮ ಅದೇ ನಿರೀಕ್ಷಕರು ಹಿಂದಿನ ಇಂಜಿನ್ ನೋಡಿಕೊಂಡು ಅಲ್ಲೇ ಇರುತ್ತೇನೆಂದು ಹೇಳಿ ಕೆಳಗಿಳಿದರು. ಹಿಂದಿನ ಇಂಜಿನ್ನಿಗೆ ಹೋಗುವ ದಾರಿಯಲ್ಲಿ, ನಿಲ್ದಾಣದ ಹೊರಗಿನ ಅಬ್ದುಲ್ ಶುಕೂರ್ ಅವರ ಚಹಾದ ಅಂಗಡಿ ಇರುವುದಿಲ್ಲ, ಅದು ಇರುವುದು ಮುಂದಿನ ತುದಿಯಲ್ಲಿ. ಆದರೂ ನಿರೀಕ್ಷಕರು ಅಲ್ಲಿಗೆ ತಲುಪಿದರು. ಬಿಸಿ ಗೋಳಿಬಜೆ ಎಣ್ಣೆಯಿಂದ ಮೇಲೆ ಬರುತ್ತಿದ್ದ ಹೊತ್ತಿನಲ್ಲಿ ತಮ್ಮ ಸಿಗ್ನಲ್ ಹಸಿರಾಯಿತು. ನಿರೀಕ್ಷಕರು ಹಿಂದಿನ ಇಂಜಿನ್ನಿನಲ್ಲಿದ್ದಾರೆಂದು ನಂಬಿದ ಶಿಶಿರ್ ಗಾಡಿ ಹೊರಡಿಸಿದ.

ನಿರೀಕ್ಷಕರು ಓಡಿದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಒಂದು ಕೈಯಲ್ಲಿ ಗೋಳಿಬಜೆಯ ಪೊಟ್ಟಣ ಇದ್ದಂತೆಯೇ, ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಆಡಿಸಿದರು. ಪುಸ್ತಕದಲ್ಲಿ ಹೇಳಿದಂತೆಯೇ, ಯಾವ ಲೋಪವೂ ಇಲ್ಲದೆ. ಗಾಡಿ ಮುಂದುವರಿಯಿತು. ಆಮೇಲೆ ವಿಚಾರಿಸಿದಾಗ ಶಿಶಿರ್ ಹೇಳಿದ್ದು, "ಕೈ ಕಂಡಿತು ಸಾರ್, ಮುಖ ನೋಡ್ಲಿಲ್ಲ. ಮುಖ ನೋಡಬೇಕು ಅಂತ ಸುತ್ತೋಲೆಯಲ್ಲಿ ಇಲ್ಲ." ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ್ದಕ್ಕಾಗಿ ಅವನಿಗೆ ಅರ್ಹತಾ ಪತ್ರ ಸಿಕ್ಕಿದೆ. ಸಿಗಲೇಬೇಕು; ಇಲ್ಲದಿದ್ದರೆ ಸುತ್ತೋಲೆ ತಪ್ಪೆಂದು ತಾವು ಒಪ್ಪಿದಂತಾಗುತ್ತಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಕೈ ಇಳಿಸಲು ಮರೆತು ನಿಂತಿದ್ದ ನಿರೀಕ್ಷಕರ ಬಳಿಗೆ ಅಬ್ದುಲ್ ಶುಕೂರ್ ಬಂದು, ಉಳಿದ ಚಿಲ್ಲರೆ ಕೊಟ್ಟು, "ಸಾರ್, ಒಂದು ಕೆಲಸ ಮಾಡುವ. ಹೈವೇಗೆ ಹೋಗಿ ಇದೇ ಕೈ ಎತ್ತಿ. ನಮ್ಮ ಬಸ್ಸಿನವರಿಗೆ ನಿಮ್ಮ ಸುತ್ತೋಲೆ ಇನ್ನೂ ಬರ್ಲಿಲ್ಲ" ಎಂದರು. ಅವರು ಎತ್ತಿದರು. ಬಸ್ಸು ರಸ್ತೆಯ ನಡುವೆಯೇ ನಿಂತಿತು. ಕಂಡಕ್ಟರು "ಒಳಗೆ ಹೋಗಿ ಸಾರ್, ಹಿಂದೆ ಬೇಕಾದಷ್ಟು ಜಾಗ ಉಂಟು" ಎಂದು, ಜಾಗವೇ ಇಲ್ಲದ ಹಿಂಬದಿಗೆ ಅವರನ್ನು ದೂಡಿದರು. ಬೋಗಿಯಲ್ಲಿ ಭೋಗಿಯಾಗಿದ್ದವರು ಬಸ್ಸಿನಲ್ಲಿ ಯೋಗಿಯಾಗಿ, ಒಂದೇ ಕಾಲಿನ ಮೇಲೆ ಮಂಗಳೂರು ತಲುಪಿದರೆಂದು ತಿಳಿದು ನಮಗೆ ಸಮಾಧಾನವಾಯಿತು.

ಆದುದರಿಂದ, ಮಾನ್ಯರೇ, ನಮ್ಮ ಬೇಡಿಕೆಗಳು ಸರಳವಾಗಿವೆ. ಭವಿತನಿಗೆ ಅರ್ಹತಾ ಪತ್ರ ಕೊಡಿ. ಅದು ಆಗದಿದ್ದಲ್ಲಿ ಕೈಗಳಲ್ಲಿ ಅಪಾಯದ ಕೈ ಯಾವುದು, ಅಜ್ಜಿಯ ಕೈ ಯಾವುದು, ನಿರೀಕ್ಷಕರ ಕೈ ಯಾವುದು ಎಂದು ದೂರದಿಂದಲೇ ಗುರುತಿಸುವ ಹಸ್ತಸಾಮುದ್ರಿಕವನ್ನು ಚಾಲಕರ ಪಠ್ಯದಲ್ಲಿ ಸೇರಿಸಿ; ಪಾಠ ಹೇಳಲು ನಮ್ಮ ಊರಿನ ಜ್ಯೋತಿಷಿಗಳು ಉಚಿತವಾಗಿ ಬಂದಾರು. ಅದೂ ಕಷ್ಟವೆಂದಾದರೆ ಪ್ರಯಾಣಿಕರಾದ ನಮಗೇ ತರಬೇತಿ ಕೊಟ್ಟು, ಮಂಗಳೂರಿಗಾದರೆ ಎಡಗೈ, ಹಳಿ ಮುರಿದದ್ದಕ್ಕಾದರೆ ಬಲಗೈ, ಗೋಳಿಬಜೆಗೆ ಇಳಿದು ಬಾಕಿಯಾದವರಿಗೆ ಎರಡೂ ಕಾಲು ಎಂದು ನಿಗದಿಪಡಿಸಿ. ಯಾವುದೂ ಸಾಧ್ಯವಾಗದಿದ್ದಲ್ಲಿ ಮೂರು ತಾಲೂಕುಗಳ ಜನರನ್ನು ಅಧಿಕೃತವಾಗಿ ಮರಳಿನ ಚೀಲಗಳೆಂದು ಘೋಷಿಸಿ. ನಾವು ಅಲುಗಾಡುವುದಿಲ್ಲ, ಫ್ಯಾನು ತಿರುಗುವುದಿಲ್ಲವೆಂದು ದೂರುವುದಿಲ್ಲ, ಮಂಗಳೂರಿನಲ್ಲಿ ತಾವೇ ಎತ್ತಿ ಇಳಿಸಿದರೆ ಸಾಕು. ಬೆಳ್ತಂಗಡಿಯವರು ಇನ್ನೂ ಉದಾರಿಗಳು; ಗುರುವಾಯನಕೆರೆಯಲ್ಲಿ ಒಂದು ತುಂಡು ಹಳಿ ಹಾಕಿಕೊಟ್ಟರೆ ಸಾಕು, ಅದರ ಮೇಲೆ ರೈಲು ಬರಲೇಬೇಕೆಂಬ ಹಠವಿಲ್ಲ ಎಂದು ಹೇಳಿಕಳುಹಿಸಿದ್ದಾರೆ.

ತಮ್ಮ ಅಮೂಲ್ಯ ಸಮಯವನ್ನು, ನಮ್ಮ ಸಮಯವನ್ನು ತಾವು ತೆಗೆದುಕೊಳ್ಳುವಷ್ಟಲ್ಲದಿದ್ದರೂ ಸ್ವಲ್ಪಮಟ್ಟಿಗೆ, ತೆಗೆದುಕೊಂಡದ್ದಕ್ಕಾಗಿ ಕ್ಷಮೆ ಕೋರುತ್ತಾ,

ಗಾಡಿ ನಿಲ್ಲುವ ತನಕ ಪ್ಲಾಟ್‌ಫಾರ್ಮಿನಲ್ಲೇ ಇರುವ
ತಮ್ಮ ವಿಶ್ವಾಸಿ,
ಕೆ. ರಮಾನಾಥ ಆಳ್ವ
ಪುಂಜಾಲಕಟ್ಟೆ

ಲಕೋಟೆ ಅಂಟಿಸುವ ಮುಂಚೆ: ತಮ್ಮ ಆದೇಶ ಇವತ್ತು ಬೆಳಿಗ್ಗೆ ಭವಿತನ ಕೈಸೇರಿತು. ಅರ್ಹತಾ ಪತ್ರ ಕೊಟ್ಟಿದ್ದೀರಿ, ಧನ್ಯವಾದ. ಜೊತೆಗೆ ಅವನನ್ನು ಉತ್ತರದ ಕಡೆ, ಮನುಷ್ಯರು ಹತ್ತಿರ ಸುಳಿಯದಂತೆ ಎರಡೂ ಬದಿಗೆ ಗೋಡೆ ಕಟ್ಟಿದ ಸಾಮಾನು ಗಾಡಿಗಳ ಮಾರ್ಗಕ್ಕೆ ವರ್ಗ ಮಾಡಿದ್ದೀರಿ. ಕೈಗಳ ಸಮಸ್ಯೆಗೆ ಇಷ್ಟು ಸಮಗ್ರ ಪರಿಹಾರ ನಮಗೆ ಹೊಳೆದಿರಲಿಲ್ಲ. ಸ್ವರ್ಣಲತಾ ಅವರು ಆದೇಶವನ್ನು ಓದಿ, "ಗೋಡೆಯ ಒಳಗೆ ಓಡಿಸ್ಲಿಕ್ಕೆ ಇಷ್ಟೆಲ್ಲ ಕಲಿಯಬೇಕಿತ್ತಾ" ಎಂದು ಮಾತ್ರ ಹೇಳಿ ಮಗನ ಬಟ್ಟೆ ಮಡಚತೊಡಗಿದರು. ಕೆಲಸಕ್ಕೆ ಹಾಜರಾಗಲು ಅವನು ಮುಂದಿನ ಸೋಮವಾರ ಹೊರಡಬೇಕು. ಅದೇ ದಿನ ತಮ್ಮ ಹೊಸ ರೈಲಿನ ಮೊದಲ ಓಡಾಟ. ಅವನು ಹೋಗಬೇಕಾದದ್ದೂ ಅದರಲ್ಲೇ. ಬಂಟ್ವಾಳದಲ್ಲಿ ಅದು ನಿಲ್ಲುವುದಿಲ್ಲವಾದ್ದರಿಂದ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ರೈಲು ಹತ್ತಿ, ಪುನಃ ಬಂಟ್ವಾಳದ ಎದುರಿನಿಂದಲೇ ಹಾದುಹೋಗುವುದೆಂದು ಅವನು ತೀರ್ಮಾನಿಸಿದ್ದ. ಸುದ್ದಿ ಮೆಲ್ಕಾರಿಗೆ ಮುಟ್ಟಿ, ಜೈನಬಮ್ಮ ಗುರುವಾಯನಕೆರೆಗೇ ಬಂದು ಅದನ್ನು ರದ್ದು ಮಾಡಿದ್ದಾರೆ. "ಮಂಗಳೂರಿಗೆ ಯಾಕೆ ಸುತ್ತುವುದು ಮಗಾ? ಇಲ್ಲೇ ಬಂದು ನಿಲ್ಲು. ನೀನು ಕೈ ಎತ್ತಬೇಡ, ನಿನ್ನ ನೌಕರಿ ಹೋದೀತು. ನಾನು ಎತ್ತುತ್ತೇನೆ." ಆ ದಿನ ಇಂಜಿನ್ನಿನಲ್ಲಿ ಇರುವವನು ಶಿಶಿರ್ ಎಂದು ವಿಚಾರಿಸಿ ತಿಳಿದುಕೊಂಡಿದ್ದೇವೆ. ಸುತ್ತೋಲೆಯನ್ನು ಹಿಂದಕ್ಕೆ ಪಡೆಯಲು ತಮಗೆ ಭಾನುವಾರದ ತನಕ ಸಮಯ ಉಂಟು.